ಬಾಲವಿರುವ ಸದ್ದು

"ಅದು ನನ್ನ ಹಲ್ಲಿನ ಸೆಟ್ಟಿನ ಸದ್ದಲ್ಲ ಕಣೇ. ಬೇಕಾದ್ರೆ ಕಿತ್ತಿಟ್ಟೇ ಮಾತಾಡ್ತೀನಿ, ನೋಡು," ಎಂದರು ಅತ್ತೆ. ಹೇಳುತ್ತಲೇ ಬಾಯಿಗೆ ಹೆಬ್ಬೆರಳು ಹಾಕಿಯೂ ಆಗಿತ್ತು.

"ಬೇಡ ಅತ್ತೆ. ಹಲ್ಲಿಲ್ಲದೆ ಮಾತಾಡಿದ್ರೆ ಬರೀ ಗಾಳಿ ರೆಕಾರ್ಡ್ ಆಗತ್ತೆ."

"ಮತ್ತೆ ನನ್ನ ಮೇಲೆ ಯಾಕೆ ಗೂಬೆ ಕೂರಿಸ್ತೀಯಾ? ನಿನ್ನ ಮಷೀನಿಗೇ ಹಲ್ಲು ಸಡಿಲ ಆಗಿರಬೇಕು. ಹೋಗಿ ತೋರಿಸು."

ಹೆಡ್‌ಫೋನ್ ಒತ್ತಿ ಹಿಡಿದು ಇನ್ನೊಮ್ಮೆ ಹಿಂದಕ್ಕೆ ಓಡಿಸಿ ಕೇಳಿದೆ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಾಗಿನ ಕತೆ. ಜಗಳವಾಡಿಕೊಂಡ ಗಂಡ ಹೆಂಡತಿ ಎರಡು ಊರಲ್ಲಿ ಕೂತು, ಒಬ್ಬರಿಗೊಬ್ಬರು ಮಾತಾಡದೆ, ನಡುವೆ ಇದ್ದ ಅತ್ತೆಗೆ "ಅವರಿಗೆ ಹೇಳಿ", "ಅವಳಿಗೆ ಹೇಳಿ" ಎನ್ನುತ್ತಿದ್ದರಂತೆ. ಗಂಡನ ಗೊಗ್ಗರು ಗಂಟಲೂ ಅತ್ತೆಯೇ, ಹೆಂಡತಿಯ ಮೂಗುದನಿಯೂ ಅತ್ತೆಯೇ. ಕೊನೆಗೆ ಹೆಂಡತಿ ಒಂದು ಉದ್ದ ಉಸಿರು ಬಿಟ್ಟು "ಊಟ ಆಯ್ತಾ ಅಂತ ಕೇಳಿ" ಎನ್ನುತ್ತಾಳೆ. ಆ ಉಸಿರಿಗೂ ಆ ಮಾತಿಗೂ ನಡುವೆ, ಬೇರೆಲ್ಲೂ ಜಾಗ ಸಿಗದ ಹಾಗೆ ಸರಿಯಾಗಿ ಅಲ್ಲೇ, ಟಿಕ್.

ಉಗುರಿನಿಂದ ಗಾಜು ತಟ್ಟಿದಷ್ಟು ಸಣ್ಣದು. ಆದರೆ ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು, ಆಮೇಲೆ ಬೇರೇನೂ ಕೇಳಿಸುವುದಿಲ್ಲ.

ನಾನು ಪರದೆ ಹೊಲಿಯುವವಳು. ಸದ್ದಿನ ಕೆಲಸಕ್ಕೂ ನನಗೂ ಎಲ್ಲಿಯ ನಂಟು ಎಂದರೆ, ಪರದೆಯಿಂದಲೇ ಬಂದ ನಂಟು. ಎಲ್ಲರೂ ಸೌಂಡ್ ಮೇಷ್ಟ್ರು ಎಂದು ಕರೆಯುವ ಒಬ್ಬರು ಎರಡು ಬೀದಿ ಆಚೆ ಒಂದು ಸಣ್ಣ ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದಾರೆ. ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುತ್ತದಲ್ಲ, ಫೋನಿನಲ್ಲಿ "ದಯವಿಟ್ಟು ಕಾಯಿರಿ" ಎನ್ನುತ್ತದಲ್ಲ, ಅಂಥ ದನಿಗಳನ್ನು ಹಿಡಿಯುವುದು ಅವರ ಕಸುಬು. ಅವರು ನಾಲ್ಕು ಗೋಡೆಗೂ ದಪ್ಪ ಪರದೆ ಬೇಕೆಂದು ಅಳತೆಗೆ ಕರೆಸಿದ್ದರು. ಹೋಗಿ ನೋಡಿದರೆ ಕೋಣೆಗೆ ಕಿಟಕಿಯೇ ಇಲ್ಲ.

"ಕಿಟಕಿ ಇಲ್ಲದ ಗೋಡೆಗೆ ಪರದೆ ಯಾಕೆ ಮೇಷ್ಟ್ರೇ? ಯಾರು ಇಣುಕ್ತಾರೆ?" ಎಂದು ಕೇಳಿದೆ. ನನಗೆ ಕೇಳದೆ ಇರಲಿಕ್ಕಾಗುವುದಿಲ್ಲ.

ಅವರು ಬರಿಗೋಡೆಗಳ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರು. "ಏನು ಕೇಳಿಸ್ತು?"

"ಚಪ್ಪಾಳೆ."

"ಚಪ್ಪಾಳೆ ಮುಗಿದ ಮೇಲೆ?"

ಇನ್ನೊಂದು ತಟ್ಟಿದರು. ಈ ಸಲ ಕಿವಿಕೊಟ್ಟೆ. ಚಪ್ಪಾಳೆಯ ಬೆನ್ನಿಗೆ ಒಂದು ಝಣಝಣ ಗೋಡೆಯಿಂದ ಗೋಡೆಗೆ ಓಡಿ, ಸಣ್ಣದಾಗಿ, ಇಲ್ಲವಾಯಿತು.

"ಅದು ಬಾಲ," ಎಂದರು. "ಲೋಕದಲ್ಲಿ ಹುಟ್ಟೋ ಪ್ರತಿಯೊಂದು ಸದ್ದಿಗೂ ಬಾಲ ಇರತ್ತೆ ಪರದೆಯಮ್ಮ. ಅದನ್ನ ಕತ್ತರಿಸೋದಕ್ಕೇ ನಿಮ್ಮ ಪರದೆ."

ಅವತ್ತಿನಿಂದ ನಾನು ಪರದೆಯಮ್ಮ. ಮನೆಗೆ ಬಂದು ಅತ್ತೆಗೆ ಹೇಳಿದರೆ, "ಈ ಮನೇಲಿ ಬಾಲ ಬಿಚ್ಚೋಳು ನೀನೊಬ್ಬಳೇ. ಮೊದಲು ನಿಂದು ಕತ್ತರಿಸಲಿ ನಿಮ್ಮ ಮೇಷ್ಟ್ರು," ಎಂದರು.

ನನಗೆ ಮನುಷ್ಯರ ದನಿ ಎಂದರೆ ಹುಚ್ಚು. ಮುಖ ಮರೆತೇನು, ದನಿ ಮರೆಯಲಾರೆ. ಅತ್ತೆಯ ಗಂಟಲಲ್ಲಿ ಒಂದು ಊರಿಗಾಗುವಷ್ಟು ಜನ ಇದ್ದಾರೆ. ಅವರೆಲ್ಲ ಅತ್ತೆಯ ಜೊತೆಗೇ ಹೋಗಿಬಿಡಬಾರದು ಎಂದು ಒಂದು ಆಸೆ. ಪರದೆ ನೇತುಹಾಕಿದ ದಿನ ಅದನ್ನೇ ಹೇಳಿದೆ. ಮೇಷ್ಟ್ರು ತಮ್ಮ ಹಳೆಯ ಮೈಕು, ಅದರ ಸ್ಟ್ಯಾಂಡು, ನಡುವಿನ ಒಂದು ಸಣ್ಣ ಪೆಟ್ಟಿಗೆ, ಹಳೆ ಲ್ಯಾಪ್‌ಟಾಪು ಎಲ್ಲ ಕೊಟ್ಟು ಕಳಿಸಿದರು. ಸಂಜೆ ಹೊತ್ತು ಹೋಗಿ ಕೂತರೆ ಪಾಠವನ್ನೂ ಹೇಳಿಕೊಡುತ್ತಿದ್ದರು.

"ಮಷೀನು ಸದ್ದನ್ನ ಇಡಿಯಾಗಿ ನುಂಗಲ್ಲ," ಎನ್ನುತ್ತಿದ್ದರು. "ಒಂದು ಸೆಕೆಂಡನ್ನ ಸಾವಿರಾರು ಚೂರು ಮಾಡಿ, ಒಂದೊಂದು ಚೂರಿನ ಎತ್ತರ ಎಷ್ಟು ಅಂತ ಅಳೆದು ಬರೆದಿಡತ್ತೆ. ಆ ಚೂರಿಗೆ ಸ್ಯಾಂಪಲ್ ಅಂತ ಹೆಸರು."

"ಹೊಲಿಗೆ ಇದ್ದ ಹಾಗೆ," ಎಂದೆ. "ದೂರದಿಂದ ಒಂದೇ ಗೆರೆ. ಹತ್ತಿರ ಬಂದರೆ ಚುಕ್ಕೆ ಚುಕ್ಕೆ."

"ಇನ್ನು ನಾನೇನು ಹೇಳಿಕೊಡಲಿ, ನೀವೇ ಈ ಕುರ್ಚಿಗೆ ಬನ್ನಿ," ಎಂದು ನಕ್ಕರು. "ಒಂದು ಮಾತ್ರ ನೆನಪಿರಲಿ. ಸದ್ದು ಜೋರಾಗಿ ಪೆಟ್ಟಿಗೆಯ ಕೆಂಪು ದೀಪ ಹತ್ತೋ ಹಾಗೆ ಮಾಡಬೇಡಿ. ಅದಕ್ಕಿಂತ ಎತ್ತರದ್ದನ್ನ ಬರೆಯೋಕೆ ಮಷೀನಿನ ಹತ್ರ ಅಂಕಿಯೇ ಇಲ್ಲ. ಸದ್ದಿನ ತಲೆ ಕತ್ತರಿಸಿ ಚಪ್ಪಟೆ ಮಾಡಿಬಿಡತ್ತೆ. ಆಮೇಲೆ ದೇವರೇ ಇಳಿದು ಬಂದ್ರೂ ಆ ತಲೆ ವಾಪಸ್ ಸಿಗಲ್ಲ."

ಟಿಕ್ಕಿನ ವಿಷಯ ಹೇಳಿದಾಗ ಅವರು ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ಕಲಿಯುವವರಿಗೆಲ್ಲ ಬರುವ ಕಾಯಿಲೆಯಂತೆ.

"ಹೊಲಿಗೆ ಬಿಟ್ಟುಹೋಗಿದೆ, ಅಷ್ಟೇ. ನಲ್ಲಿ ಕೆಳಗೆ ಬಕೆಟ್ ಇಟ್ಟಿದೀವಿ ಅಂದ್ಕೊಳ್ಳಿ. ಕಂಪ್ಯೂಟರು ಮೊಗೆಯೋದು ಒಂಚೂರು ತಡ ಮಾಡಿದ್ರೆ ಬಕೆಟ್ ತುಂಬಿ ಚೆಲ್ಲತ್ತೆ. ಚೆಲ್ಲಿದ ಕಡೆ ಒಂದು ಟಿಕ್. ಆ ಬಕೆಟ್ಟಿಗೆ ಬಫರ್ ಅಂತಾರೆ. ದೊಡ್ಡದು ಮಾಡಿ, ಸರಿಹೋಗತ್ತೆ."

ಬಕೆಟ್ ದೊಡ್ಡದು ಮಾಡಿದೆ. ಟಿಕ್ ಹೋಗಲಿಲ್ಲ. ವೈರು ಬದಲಿಸಿದೆ. ಕರೆಂಟಿನ ದೋಷವಿರಬಹುದೆಂದು ಪ್ಲಗ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿದೆ. ಫ್ರಿಜ್ ಆರಿಸಿ, ಅತ್ತೆಯಿಂದ ಬೈಸಿಕೊಂಡೆ. ಒಂದು ದಿನ ಮೈಕಿನ ಸ್ಟ್ಯಾಂಡಿನ ಕಾಲಡಿಗೆ ಹಳೆ ರಜಾಯಿ ಮಡಿಸಿ ಹಾಕಿದೆ, ಟಿಕ್ ಅರ್ಧಕ್ಕರ್ಧ ಕಡಿಮೆಯಾಯಿತು. ಹಬ್ಬವಾಯಿತು ನನಗೆ. ಎರಡು ದಿನ ಬಿಟ್ಟು ರಜಾಯಿಯ ಮೇಲೂ ಅಷ್ಟೇ ಜೋರಾಗಿ ಬಂತು.

ನಾವಿರುವುದು ಮಹಡಿಯ ಮೇಲೆ. ಮೂರೇ ಜನ. ಅತ್ತೆ, ನಾನು, ನಮ್ಮ ಮನೆಯವರು. ಇವರದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ, ಹಗಲೆಲ್ಲ ಹಿಂದಿನ ಕೋಣೆಯಲ್ಲಿ ಕುಂಭಕರ್ಣನ ಡ್ಯೂಟಿ. ಕೆಳಗೆ ಬೇಕರಿ. ಬೇಕರಿಯವ ನಗುಮೊಗದ ಹುಡುಗ. ಬಿಸಿ ಬ್ರೆಡ್ಡಿನ ತುದಿ ಅತ್ತೆಗೆ ಇಷ್ಟವೆಂದು ದಿನಾ ಎತ್ತಿಟ್ಟು ಕಳಿಸುತ್ತಾನೆ. ನಾನು ರೆಕಾರ್ಡಿಂಗ್ ಶುರುಮಾಡುವ ಸ್ವಲ್ಪ ಮುಂಚೆ ಅಂಗಡಿ ದೊಡ್ಡದು ಮಾಡಿಸಿದಾಗ ನಮ್ಮನ್ನು ಕರೆದು ತೋರಿಸಿದ್ದ. ಹೊಸ ಗಾಜಿನ ಕೌಂಟರು, ಆಳೆತ್ತರದ ಹೊಸ ಒಲೆ, ಜನ ಕೂತು ತಿನ್ನಲು ಜಾಗ.

"ನಡುವೆ ಒಂದು ದಪ್ಪ ಗೋಡೆ ಇತ್ತಲ್ಲ ಅಜ್ಜಿ, ಕೋಣನ ಥರ ಅಡ್ಡ ನಿಂತಿತ್ತು. ತೆಗೆಸಿಬಿಟ್ಟೆ. ಮೇಲೆ ಕಬ್ಬಿಣದ ತೊಲೆ ಕೊಟ್ಟಿದೀವಿ."

"ಅದೇನು ನಿನ್ನ ಹತ್ರ ಬ್ರೆಡ್ ಕೇಳ್ತಿತ್ತಾ? ಪಾಪ, ಅದರ ಪಾಡಿಗೆ ಇರ್ತಿತ್ತಲ್ಲೋ," ಎಂದಿದ್ದರು ಅತ್ತೆ. ಎಲ್ಲರೂ ನಕ್ಕಿದ್ದೆವು.

ಆಮೇಲೆ ಮನೆಯಲ್ಲಿ ಸಣ್ಣಪುಟ್ಟ ಕಿರಿಕಿರಿ. ಬಚ್ಚಲ ಬಾಗಿಲು ಚೌಕಟ್ಟಿಗೆ ಕೂರುತ್ತಿರಲಿಲ್ಲ. ತೇವಕ್ಕೆ ಮರ ಉಬ್ಬಿದೆ ಎಂದು ಇವರು ಒಂದು ಭಾನುವಾರ ಕೂತು ಅಂಚು ಹೆರೆದರು. ಎರಡು ವಾರಕ್ಕೆ ಮತ್ತೆ ಕೂರಲಿಲ್ಲ. ಇನ್ನೊಂದು ನನ್ನ ಮಾನ ಕಳೆಯುವಂಥದ್ದು: ಹಾಲಿನಲ್ಲಿ ನಾನೇ ಹೊಲಿದು ಹಾಕಿದ ಪರದೆ. ನೆಲಕ್ಕೆ ತಾಗಿಯೂ ತಾಗದ ಹಾಗೆ, ಈ ತುದಿಯಿಂದ ಆ ತುದಿಗೆ ಒಂದೇ ಸಮ ಬಿಟ್ಟಿದ್ದೆ. ಈಗ ನೋಡಿದರೆ ಕೋಣೆಯ ನಡುಭಾಗದ ಕಡೆಗಿರುವ ತುದಿಯಲ್ಲಿ ಅಂಚಿಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದು.

"ನಿನ್ನ ಕತ್ತರಿ ಸೊಟ್ಟಗಾಗಿದೆ," ಎಂದರು ಅತ್ತೆ.

"ಬಟ್ಟೆ ಕುಗ್ಗಿರಬೇಕು," ಎಂದೆ. ಆದರೆ ನಾನು ಹೊಲಿಯುವ ಮೊದಲು ಬಟ್ಟೆ ನೆನೆಸದೆ ಬಿಡುವವಳಲ್ಲ, ಮತ್ತು ಬಟ್ಟೆ ಒಂದೇ ತುದಿಯಲ್ಲಿ ಕುಗ್ಗುವುದನ್ನು ನಾನು ಯಾವತ್ತೂ ಕಂಡಿಲ್ಲ.

ಕೊನೆಗೆ ಮೇಷ್ಟ್ರು ಒಂದು ಸುಲಭದ ದಾರಿ ತೋರಿಸಿದರು. ಲ್ಯಾಪ್‌ಟಾಪಿನೊಳಗೇ ಟಿಕ್ ತೆಗೆಯುವ ಒಂದು ಉಪಾಯ ಇದೆ. ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲೆಲ್ಲಿ ಟಿಕ್ ಇದೆಯೋ ಅದೇ ಹುಡುಕಿ, ಅಕ್ಕಪಕ್ಕದ ಸದ್ದನ್ನು ಎಳೆದು ತೇಪೆ ಹಾಕುತ್ತದೆ. ತೇಪೆ ಹಾಕಿದ್ದು ಗೊತ್ತೇ ಆಗುವುದಿಲ್ಲ. ಗುಂಡಿ ಒತ್ತಿದೆ. ಗಂಡ ಹೆಂಡತಿ ಕತೆ ಕನ್ನಡಿಯ ಹಾಗಾಯಿತು. ಉಸಿರು, ಒಂದು ಕ್ಷಣ ಮೌನ, "ಊಟ ಆಯ್ತಾ ಅಂತ ಕೇಳಿ." ಕಣ್ಣಲ್ಲಿ ನೀರು ಬಂತು ನನಗೆ. ಅಲ್ಲಿಂದ ಮುಂದೆ ರೆಕಾರ್ಡ್ ಮಾಡುವುದು, ಗುಂಡಿ ಒತ್ತುವುದು. ಟಿಕ್ ಎಷ್ಟು ಬಂದರೂ ನನಗೆ ಕೇಳಿಸುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಮನೆ ನಿಶ್ಶಬ್ದವಾಗಿತ್ತು, ಕಂಪ್ಯೂಟರಿನೊಳಗೆ.

ಕೊನೆಗೆ ಅದನ್ನು ಹಿಡಿದವರು ಅತ್ತೆ. ತಮ್ಮದೇ ಒಂದು ಕತೆ ಕೇಳುತ್ತಾ ಕೂತವರು ಹೆಡ್‌ಫೋನ್ ಕಿತ್ತು ನನ್ನ ಕೈಗೆ ಕೊಟ್ಟರು.

"ನನ್ನ ಟಕಾರ ಎಲ್ಲಿ?"

"ಏನು ಅತ್ತೆ?"

"ಟ್ರಂಕ್ ಕಾಲ್ ಅಂತ ಹೇಳಿದೀನಿ. ಇದು 'ರಂಕಾಲ್' ಅಂತಿದೆ. 'ಕಟ್ ಮಾಡ್ಬೇಡಿ' ಅಂದ್ರೆ 'ಕ ಮಾಡ್ಬೇಡಿ' ಅಂತಿದೆ. ಎಕ್ಸ್‌ಚೇಂಜಲ್ಲಿ ನನ್ನ ಟಕಾರಕ್ಕೆ ಮೇಲಿನವರು ಶಹಬ್ಬಾಸ್ ಅಂದಿದ್ರು ಗೊತ್ತಾ? ನಿನ್ನ ಮಷೀನು ನನ್ನ ಬಾಯಲ್ಲಿರೋದನ್ನೂ ತಿಂತಿದೆ."

ಮೇಷ್ಟ್ರ ಹತ್ತಿರ ಓಡಿದೆ. ಅವರು ಕೇಳಿ, ಹುಬ್ಬು ಗಂಟಿಕ್ಕಿದರು. ಟಿಕ್ ಅಲ್ಲಲ್ಲಿ ಒಂದಿದ್ದರೆ ಈ ಉಪಾಯ ನಾಲಿಗೆಯನ್ನು ಮುಟ್ಟುವುದಿಲ್ಲವಂತೆ. ಎಲ್ಲೆಲ್ಲೂ ಇದ್ದರೆ ತಬ್ಬಿಬ್ಬಾಗಿ ಟಕಾರ ಕಕಾರವನ್ನೂ ಟಿಕ್ ಎಂದೇ ತಿಳಿದು ಅಳಿಸುತ್ತದೆ.

"ಗುಂಡಿ ಒತ್ತೋ ಮುಂಚಿನ ಮೂಲ ಇಟ್ಟಿದೀರಾ, ಅಳಿಸಿಬಿಟ್ರಾ?"

"ಒಂದು ಗೇಣು ಬಟ್ಟೆ ಮಿಕ್ಕಿದ್ರೂ ಎಸೆಯೋಳಲ್ಲ ನಾನು. ಎಲ್ಲ ಇದೆ."

ಮೂಲ ತೆರೆದರು. ಒಂದು ಟಿಕ್ ಹಿಡಿದು, ಅದನ್ನು ಸ್ಕ್ರೀನಿನ ಅಗಲಕ್ಕೆ ಹಿಗ್ಗಿಸಿದರು. ಪಕ್ಕದಲ್ಲೇ ತಮ್ಮ ಯಾವುದೋ ಹಳೆ ಕೆಲಸದಲ್ಲಿ ಬಕೆಟ್ ಚೆಲ್ಲಿ ಆಗಿದ್ದ ಒಂದು ಟಿಕ್ಕನ್ನೂ ಹಿಗ್ಗಿಸಿ ಇಟ್ಟರು. ಅವರದು ನೆಲಕ್ಕೆ ಹೊಡೆದ ಮೊಳೆಯಂತೆ ನೆಟ್ಟಗೆ ಒಂದು ಗೆರೆ. ಹಿಂದೆ ಇಲ್ಲ, ಮುಂದೆ ಇಲ್ಲ. ನನ್ನದು ಹಾಗಿರಲಿಲ್ಲ. ಎದ್ದ ಮೇಲೆ ನಡುಗುತ್ತಾ ನಡುಗುತ್ತಾ, ಮೀನಿನ ಮುಳ್ಳಿನಂತೆ ಎರಡೂ ಕಡೆ ಸಣ್ಣದಾಗುತ್ತಾ ಹೋಗಿತ್ತು.

"ಬಾಲ!" ಎಂದೆ. ಪಾಠ ಒಪ್ಪಿಸಿದ ಹುಡುಗಿಯ ಹಾಗೆ ಖುಷಿಯಾಗಿಯೇ ಹೇಳಿದೆ. "ಇದಕ್ಕೆ ಬಾಲ ಇದೆ ಮೇಷ್ಟ್ರೇ."

ಅವರು ನಗಲಿಲ್ಲ. ಇನ್ನೊಂದು ಟಿಕ್ ತೆರೆದರು. ಮತ್ತೊಂದು. ಎಲ್ಲಕ್ಕೂ ಬಾಲ.

"ಮೈಕಿನ ಸ್ಟ್ಯಾಂಡು ಎಲ್ಲಿ ಇಡ್ತೀರಿ?"

"ನೆಲದ ಮೇಲೆ. ಒಮ್ಮೊಮ್ಮೆ ರಜಾಯಿ ಹಾಕ್ತೀನಿ. ಹಾಕಿದ ದಿನ ಕಮ್ಮಿ ಬರ್ತಿತ್ತು, ಮೊದಮೊದಲು."

"ಮಷೀನಿನ ತಪ್ಪಿಗೆ ಸ್ಟ್ಯಾಂಡಿನ ಕೆಳಗೆ ರಜಾಯಿ ಇದ್ರೇನು, ಬಿಟ್ರೇನು?" ಎಂದರು. ನನ್ನನ್ನು ಕೇಳಿದ್ದಲ್ಲ ಅದು. ಮೇಜಿನ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದರು. ನಾನು ಹೊಲಿದ ಪರದೆಗಳ ನಡುವೆ ಆ ಸದ್ದಿಗೆ ಬಾಲವೇ ಇರಲಿಲ್ಲ.

"ಒಂದು ಕೆಲಸ ಮಾಡಿ," ಎಂದರು ಕೊನೆಗೆ. "ಮೈಕು ಹಾಲಲ್ಲಿ ಇಡಿ. ನಿಮ್ಮ ಫೋನು ಹಿಂದಿನ ರೂಮಲ್ಲಿ ಇಟ್ಟು ಅದರಲ್ಲೂ ರೆಕಾರ್ಡ್ ಹಾಕಿ. ಎರಡೂ ಓಡ್ತಿರುವಾಗ ನಡುಮನೇಲಿ ನಿಂತು ಒಂದು ಜೋರು ಚಪ್ಪಾಳೆ ತಟ್ಟಿ. ಆಮೇಲೆ ಯಾರೂ ಮಾತಾಡಬೇಡಿ. ಮನೆಯ ಮೌನ ಹಿಡಿದು ತನ್ನಿ."

"ಚಪ್ಪಾಳೆ ಯಾಕೆ?"

"ಎರಡನ್ನೂ ಒಂದೇ ಸಮಕ್ಕೆ ಜೋಡಿಸೋಕೆ. ಎರಡು ಮಷೀನು ಒಂದೇ ಕ್ಷಣಕ್ಕೆ ಒಂದೇ ತಪ್ಪು ಮಾಡಲ್ಲ, ಪರದೆಯಮ್ಮ."

ಮಾರನೆಯ ಮಧ್ಯಾಹ್ನ ಹಿಡಿದೆ. ಅತ್ತೆಗೆ ಸುಮ್ಮನಿರಬೇಕೆಂದು ಹೇಳಿದಾಗ "ನಮ್ಮ ಮಾವನವರೂ ನನಗೆ ಈ ಶಿಕ್ಷೆ ಕೊಟ್ಟಿರಲಿಲ್ಲ," ಎಂದು ಗೊಣಗಿ ಬಾಯಿಗೆ ಸೆರಗು ಒತ್ತಿಕೊಂಡರು. ಚಪ್ಪಾಳೆ ತಟ್ಟಿ ನೆಲದ ಮೇಲೆ ಕೂತೆ. ಕೆಳಗೆ ಒಲೆಯ ಗಾಳಿಯಂತ್ರ ಗುಂಯ್ ಎನ್ನುತ್ತಿತ್ತು. ಹಿಂದಿನ ಕೋಣೆಯಿಂದ ಇವರ ಗೊರಕೆ. ಬರಿಗಿವಿಗೆ ಇನ್ನೇನೂ ಇಲ್ಲ. ಆದರೆ ಹೆಡ್‌ಫೋನ್ ಒಳಗೆ ಟಿಕ್. ಸ್ವಲ್ಪ ಹೊತ್ತು. ಟಿಕ್ ಟಿಕ್. ಯಾರೋ ಕತ್ತಲೆಯಲ್ಲಿ ಕೂತು ಬೆರಳಿನ ಗೆಣ್ಣು ಮುರಿದುಕೊಳ್ಳುತ್ತಿದ್ದ ಹಾಗೆ. ಸುಮ್ಮನೆ ಕೂತವಳ ಕಣ್ಣು ಪರದೆಯ ಅಂಚಿಗೆ ಹೋಯಿತು. ಕೈ ಚಾಚಿ ಸಂದಿಗೆ ಬೆರಳು ತೂರಿಸಿದೆ. ಬೆರಳು ಸಡಿಲವಾಗಿ ಹೋಯಿತು. ಅಂಗೈಯನ್ನೇ ಅಡ್ಡ ಮಾಡಿ ತೂರಿಸಿದೆ. ಅದೂ ಹೋಯಿತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಎರಡು ರೆಕಾರ್ಡಿಂಗನ್ನೂ ಒಂದರ ಕೆಳಗೊಂದು ಇಟ್ಟು, ಚಪ್ಪಾಳೆಗೆ ಚಪ್ಪಾಳೆ ಕೂಡಿಸಿದರು. ಗೊರಕೆ ಕೆಳಗಿನದರಲ್ಲಿ ದಪ್ಪಗೆ, ಮೇಲಿನದರಲ್ಲಿ ಇದ್ದೂ ಇಲ್ಲದ ಹಾಗೆ. ಟಿಕ್ ಮಾತ್ರ ಎರಡರಲ್ಲೂ. ಮೇಲೆ ಎಲ್ಲಿ ಎದ್ದಿತ್ತೋ ಕೆಳಗೂ ಅಲ್ಲೇ ಎದ್ದಿತ್ತು. ಹಾಲಿನದು ಎತ್ತರ, ಕೋಣೆಯದು ಗಿಡ್ಡ. ಒಂದೂ ತಪ್ಪದೆ.

"ಮೊಟ್ಟಮೊದಲನೇ ರೆಕಾರ್ಡಿಂಗ್ ತೆಗೀರಿ."

ತೆಗೆದೆ. ಕತೆಗೊಂದು ಟಿಕ್ ಇತ್ತು. ನಿನ್ನೆಯದರಲ್ಲಿ ನಾಲ್ಕು ಗೊರಕೆಗೊಂದು. ಇಡೀ ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ಅದರ ಮೇಲೆ ನಾವಿಬ್ಬರೂ ಸೇರಿ ತೇಪೆ ಹಾಕಿಕೊಂಡು ಕೂತಿದ್ದೆವು.

"ನಿಮ್ಮ ಹಾಲಿನ ಕೆಳಗೆ ಏನಿದೆ?" ಎಂದು ಕೇಳಿದರು.

"ಬೇಕರಿ. ಗೋಡೆ ಇತ್ತು, ಅದನ್ನ ತೆಗೆಸಿ ಕಬ್ಬಿಣದ ತೊಲೆ ಕೊಟ್ಟಿದಾರೆ..." ಎಂದೆ. ಹೇಳುತ್ತಲೇ ಎದ್ದು ನಿಂತಿದ್ದೆ.

"ಈಗ ಮನೇಲಿ ಯಾರಿದ್ದಾರೆ?"

"ಇಬ್ಬರೂ."

ಇವರು ಮಲಗುವಾಗ ಫೋನ್ ಆರಿಸಿಡುತ್ತಾರೆ. ಅತ್ತೆಗೆ ಮೊಬೈಲ್ ಎಂದರೆ ಆಗುವುದಿಲ್ಲ. "ಆಪರೇಟರ್ ಇಲ್ಲದ ಫೋನು ಅಪ್ಪ ಅಮ್ಮ ಇಲ್ಲದ ಮಗು" ಎಂದು ಮುಟ್ಟುವುದೂ ಇಲ್ಲ. ಮೇಷ್ಟ್ರ ಸ್ಕೂಟರಿನಲ್ಲಿ ಎರಡು ಬೀದಿ ದಾಟುವಷ್ಟರಲ್ಲಿ ನಾನು ಸೀಟಿನ ಕಂಬಿ ಎಷ್ಟು ಗಟ್ಟಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅಚ್ಚು ಬಿದ್ದಿತ್ತು.

ಮನೆಗೆ ಬಂದರೆ ಅತ್ತೆ ಮೈಕಿನ ಮುಂದೆ ಅಲಂಕಾರ ಮಾಡಿಕೊಂಡು ಕೂತಿದ್ದಾರೆ. "ಬಂದ್ಯಾ? ಇವತ್ತು ಡಾಕ್ಟರಿಗೆ ರಾಂಗ್ ನಂಬರ್ ಬಂದ ಕತೆ ಹೇಳ್ತೀನಿ. ಮೇಷ್ಟ್ರೂ ಬಂದಿದಾರೆ, ಕೂತ್ಕೊಳ್ಳಿ."

"ಅತ್ತೆ, ಈಗಲೇ ಕೆಳಗೆ ಹೋಗೋಣ. ಏಳಿ."

"ಯಾಕೆ? ನಾನು ಸ್ನಾನ ಮಾಡಿ ಕೂತಿರೋದು ಕೆಳಗೆ ಹೋಗೋಕಾ?"

ಮೈಕು ಆನ್ ಮಾಡಿ, ಹೆಡ್‌ಫೋನ್ ಅವರ ಕಿವಿಗೆ ಹಾಕಿದೆ. ಒಂದು ಮಾತೂ ಆಡದೆ ಬೆರಳಿನಿಂದ ನೆಲ ತೋರಿಸಿದೆ. ಅತ್ತೆ ಕಣ್ಣು ಮುಚ್ಚಿದರು. ಎಕ್ಸ್‌ಚೇಂಜಿನಲ್ಲಿ ಹಾಗೇ ಕೂರುತ್ತಿದ್ದರಂತೆ, ಕಣ್ಣು ಮುಚ್ಚಿ, ತಲೆ ಒಂಚೂರು ವಾಲಿಸಿ. ಅವರ ಮುಖದ ಮೇಲಿನ ನಗೆ ನಿಧಾನಕ್ಕೆ ಇಳಿಯುವುದನ್ನು ನೋಡುತ್ತಾ ನಿಂತೆ.

"ನಾನು ಹೇಳ್ಲಿಲ್ವಾ," ಎಂದರು ಮೆಲ್ಲಗೆ, "ನನ್ನ ಹಲ್ಲಲ್ಲ ಅಂತ."

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ನಿಂತರು. ಅತ್ತೆ ವಾದ ಮಾಡದೆ ಎದ್ದಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕಂಡಿದ್ದು ಅದೇ ಮೊದಲು. ಅದುವರೆಗೆ ಇದ್ದ ಹೆದರಿಕೆ ಹೆದರಿಕೆಯೇ ಅಲ್ಲ ಎನ್ನಿಸಿತು.

"ಅವನನ್ನ ಎಬ್ಬಿಸು. ನಡು ಹಾಲಲ್ಲಿ ಬರಬೇಡಿ, ಗೋಡೆ ಅಂಚಿಗೆ ಬನ್ನಿ."

ಇವರು ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, "ಏನು, ಗ್ಯಾಸ್ ಲೀಕಾ?" ಎನ್ನುತ್ತಾ ಬಂದರು. ಮೆಟ್ಟಿಲಿಳಿಯುವಾಗ ಹೇಳಿದೆ. ಕಣ್ಣುಜ್ಜಿಕೊಂಡು, "ಟಿಕ್ ಅಂದಿದ್ದಕ್ಕಾ ನನ್ನ ಎಬ್ಬಿಸಿದ್ದು?" ಎಂದರು. ಕೊನೆಯ ಮೆಟ್ಟಿಲಲ್ಲಿ ಸಟ್ಟನೆ ನಿಂತರು. "ಬಚ್ಚಲ ಬಾಗಿಲು," ಎಂದರು. ಅಷ್ಟೇ.

ಬೇಕರಿಯಲ್ಲಿ ಬೆಳಗಿನ ವ್ಯಾಪಾರ, ಗಿರಾಕಿಗಳು ಹೊರಗೆ ನಿಂತಿದ್ದರು. ಒಳಗೆ ಒಲೆಯ ಹತ್ತಿರ ಇಬ್ಬರು, ಕೌಂಟರಿನಲ್ಲಿ ಒಬ್ಬಳು. ನಾವು ನಾಲ್ವರೂ ಒಟ್ಟಿಗೆ ಬಂದು ನಿಂತಿದ್ದು ನೋಡಿ ಬೇಕರಿಯವ ಕೈ ಒರೆಸಿಕೊಂಡು ಹೊರಗೆ ಬಂದ. "ಏನಕ್ಕಾ, ಮನೆಮಂದಿಯೆಲ್ಲ ಮೆರವಣಿಗೆ? ಅಜ್ಜಿ, ಬ್ರೆಡ್ಡಿನ ತುದಿ ಆಗಲೇ ಎತ್ತಿಟ್ಟೆ."

ಟಿಕ್ ಮಷೀನಿನದಲ್ಲ, ಗೋಡೆ ತೆಗೆದ ಮೇಲೆ ಮೇಲಿನ ನೆಲವೇ ಇಳಿಯುತ್ತಿರುವ ಸದ್ದು ಎಂದು ಮೇಷ್ಟ್ರು ಹೇಳಿದರು. ನಿಧಾನವಾಗಿ, ಬಿಡಿಸಿ ಹೇಳಿದರು. ಅವನು ಮೊದಲು ನಕ್ಕ, ಆಮೇಲೆ ಗಿರಾಕಿಗಳ ಕಡೆ ನೋಡಿದ, ಆಮೇಲೆ ಮುಖ ಕೆಂಪಗಾಯಿತು.

"ಕಂಪ್ಯೂಟರಲ್ಲಿ ಟಿಕ್ ಅಂದ್ರೆ ನಾನು ಅಂಗಡಿ ಮುಚ್ಚಬೇಕಾ ಸ್ವಾಮಿ? ನಿಮ್ಮ ಡಬ್ಬಕ್ಕೆ ದೆವ್ವ ಹಿಡಿದಿರಬೇಕು."

"ನಾನೂ ತಿಂಗಳುಗಟ್ಟಲೆ ಹಾಗೇ ಅಂದ್ಕೊಂಡೆ," ಎಂದರು ಮೇಷ್ಟ್ರು. "ತೊಲೆ ಯಾರಾದ್ರೂ ಬಂದು ನೋಡೋವರೆಗೆ ಮುಚ್ಚಿ. ಇವತ್ತೊಂದು ದಿನ."

"ತೊಲೆ ಹಾಕಿದವನು ಎದೆ ತಟ್ಟಿ ಹೇಳಿದಾನೆ, ಆನೆ ಬಂದು ಕೂತ್ರೂ ಜಗ್ಗಲ್ಲ ಅಂತ."

"ಆನೆ ಕೂತಿದ್ರೆ ಎದ್ದು ಹೋಗ್ತಿತ್ತಪ್ಪ," ಎಂದರು ಅತ್ತೆ. "ಮನೆ ಎದ್ದು ಹೋಗಲ್ಲ. ಒಳಗಿರೋ ಮಕ್ಕಳನ್ನ ಹೊರಗೆ ಕರಿ. ಆಮೇಲೆ ನನ್ನ ಎಷ್ಟು ಬೇಕಾದ್ರೂ ಬೈಯಿ."

ಅದು ಅತ್ತೆಯ ದನಿಯಾಗಿರಲಿಲ್ಲ. ಗಂಡ ಹೆಂಡಿರ ಜಗಳದ ನಡುವೆಯೂ ಏರದೆ ಇಳಿಯದೆ ಇರುತ್ತಿದ್ದ ಆಪರೇಟರಿನ ದನಿ. ಕೌಂಟರಿನ ಹುಡುಗಿ ಕೈಲಿದ್ದ ಇಕ್ಕಳ ಕೆಳಗಿಟ್ಟು ಇತ್ತ ನೋಡಿದಳು. ಬೇಕರಿಯವ ಶಟರಿನ ಕೊಕ್ಕೆ ಕೈಗೆ ತೆಗೆದುಕೊಂಡ.

"ಅಜ್ಜಿ, ನಿಮ್ಮ ಮೇಲಿನ ಗೌರವಕ್ಕೆ ಒಂದು ಮಾತು," ಎಂದ. "ಕಟ್ಟಡ ಒಂದು ಕೂದಲೆಳೆ ಜರುಗಿದ್ರೂ ಈ ಶಟರು ಕೂರಲ್ಲ. ಅಷ್ಟು ಟೈಟಾಗಿ ಕೂರಿಸಿದಾನೆ. ಬೆಳಿಗ್ಗೆ ಒಂದೇ ಕೈಲಿ ಎತ್ತಿದೀನಿ. ಈಗ ಇಲ್ಲೇ, ನಿಮ್ಮ ಕಣ್ಮುಂದೆ ಎಳೆದು ತೋರಿಸ್ತೀನಿ. ನೆಲ ಮುಟ್ಟಿದ್ರೆ ಎಲ್ಲರೂ ಮೇಲೆ ಹೋಗಿ ಕತೆ ಹೇಳ್ಕೊಳ್ಳಿ. ಆಯ್ತಾ?"

"ಎಳಿ, ನೋಡೋಣ," ಎಂದರು ನಮ್ಮ ಮನೆಯವರು.

ಅವನು ಕೊಕ್ಕೆ ಹಾಕಿ ಎಳೆದ. ಶಟರು ಗಡಗಡ ಎಂದು ತಲೆಯ ಮಟ್ಟಕ್ಕೆ, ಎದೆಯ ಮಟ್ಟಕ್ಕೆ ಇಳಿಯಿತು. ಸೊಂಟದ ಹತ್ತಿರ ಬಂದು ನಿಂತಿತು. ಅವನು ಎರಡು ಕೈಯಲ್ಲಿ ಒತ್ತಿದ. ಒಂದು ಕಾಲೆತ್ತಿ ಅಂಚಿನ ಮೇಲಿಟ್ಟು ಭಾರ ಬಿಟ್ಟ. ಎಡಗಡೆಯ ಪಟ್ಟಿಯೊಳಗೆ ತಗಡು ಕಿರ್ರ್ ಎಂದು ನರಳಿತು, ಇಳಿಯಲಿಲ್ಲ. ಕಾಲು ತೆಗೆದು ಸ್ವಲ್ಪ ಹಿಂದೆ ಸರಿದು ಮೇಲೆ ನೋಡಿದ. 

ಆಮೇಲೆ ಅವನು ಬಗ್ಗಿ, ಶಟರಿನ ಕೆಳಗಿಂದ ಒಳಗಿದ್ದವರಿಗೆ ಕೈ ಬೀಸಿದ. ಕೌಂಟರಿನ ಹುಡುಗಿ ಮೊದಲು ಬಂದಳು. ಒಲೆಯ ಹತ್ತಿರದವರು ಒಬ್ಬರ ಹಿಂದೆ ಒಬ್ಬರು, ಮೊಣಕೈವರೆಗೆ ಹಿಟ್ಟು ಮೆತ್ತಿದ ಹಾಗೇ, ಬಗ್ಗಿ ಬಂದರು. ಅವರ ತಲೆಗೆ ತಾಗದ ಹಾಗೆ ಬೇಕರಿಯವ ಶಟರಿನ ಅಂಚಿಗೆ ಅಂಗೈ ಅಡ್ಡ ಹಿಡಿದಿದ್ದ.